ಏಳು ಹೆಸರುಗಳ ಎಡೆ

ಗೇರುಹಣ್ಣಿನ ವಾಸನೆ ಅಂಗಳಕ್ಕೆಲ್ಲ ಅಂಟಿಕೊಂಡಿರುತ್ತಿದ್ದ ಬೇಸಿಗೆಗಳು ಅವು. ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ರಜೆ ಬಿದ್ದೊಡನೆ ನಾವು ಮಕ್ಕಳು ಒಣ ತೆಂಗಿನ ಗರಿ ಉರಿಸಿ ಗೇರುಬೀಜ ಸುಡುತ್ತಿದ್ದೆವು. ಸೊನೆ ಸಿಡಿದು ಬೆರಳ ತುದಿಯ ಚರ್ಮ ಸುಲಿದರೆ ವಾರಗಟ್ಟಲೆ ಅಲ್ಲಿ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಗೋಕರ್ಣದ ಗದ್ದಲ ಬೇಡವೆನ್ನುವ ವಿದೇಶಿಯರು ಆಗ ಅಂಕೋಲೆಯ ಕಡಲಬದಿಯ ನಮ್ಮೂರಿಗೂ ಬರತೊಡಗಿದ್ದರು. ಆ ವರ್ಷ ನಮ್ಮ ಹೊರಕೋಣೆಯಲ್ಲಿ ಉಳಿದವಳು ಇಸ್ರೇಲಿನ ತಮಾರ್.

ಆಯಿ, ಎಂದರೆ ನನ್ನ ಅಮ್ಮ, ಅವಳನ್ನು ತಾರಾ ಎಂದು ಕರೆದಳು. ಪ್ರೀತಿಯಿಂದಲೇ ಬಡಿಸಿದಳು, ಆದರೆ ಜಗಲಿಯಲ್ಲಿ, ಬೇರೆ ತಟ್ಟೆಯಲ್ಲಿ. ತಪ್ಪನ್ನು ತಪ್ಪೆಂದು ಹೆಸರಿಸಬೇಕೆಂದು ನಂಬಿದವಳು ನಾನು. ಆದ್ದರಿಂದ ಇದನ್ನು ಮೊದಲು ಬರೆದಿಡುತ್ತೇನೆ.

ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಅವರ ಬೆತ್ತಕ್ಕೆ ಹೆದರಿ ಊರ ಮಕ್ಕಳು ಇಟ್ಟ ಹೆಸರು ಹಿಟ್ಲರ್. ಪಾಲಕರು ಮೆಚ್ಚುಗೆಯಿಂದ ಹಾಗೆನ್ನುತ್ತಿದ್ದರು. ಅಪ್ಪನಿಗೂ ಅದು ಬಿರುದಿನಂತಿತ್ತು. ನಮ್ಮಲ್ಲಿ ಆ ಹೆಸರೆಂದರೆ ಶಿಸ್ತು, ಅಷ್ಟೆ. ಆ ಹೆಸರಿನವನು ಯಾರನ್ನು ಕೊಲ್ಲಿಸಿದನೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಒಂದು ಸಂಜೆ ತಮಾರ್ ಜಗಲಿಯಲ್ಲಿ ಕುಳಿತು ಅಪ್ಪನೊಡನೆ ಬಹಳ ಹೊತ್ತು ಮಾತಾಡಿದಳು. ಅಪ್ಪ ಆಯಿಗೆ ಕನ್ನಡದಲ್ಲಿ ಹೇಳಿದರು:

“ನಾಳೆ ಅವರಲ್ಲಿ ಸತ್ತವರನ್ನು ನೆನೆಯುವ ದಿನವಂತೆ. ಯುದ್ಧದ ಕಾಲದಲ್ಲಿ ಇವಳ ಅಜ್ಜಿ ಒಬ್ಬಳೇ ಉಳಿದದ್ದು. ಅಜ್ಜಿಯ ಅಪ್ಪ, ಆಯಿ, ಒಡಹುಟ್ಟಿದ ಐದು ಜನ... ಏಳೂ ಮಂದಿಯನ್ನ ಯೆಹೂದಿಗಳು ಅನ್ನೋ ಒಂದೇ ಕಾರಣಕ್ಕೆ ಕೊಂದರಂತೆ.”

“ಅಯ್ಯೋ. ತಿಥಿ ಯಾವ್ದು?”

“ಗೊತ್ತಿಲ್ಲವಂತೆ. ಲಕ್ಷಗಟ್ಟಲೆ ಜನ. ಅದಕ್ಕೇ ಎಲ್ಲರಿಗೂ ಸೇರಿ ಒಂದು ದಿನ.”

“ನಮ್ಮಲ್ಲೂ ಹಂಗೇ ಅಲ್ದಾ? ತಿಥಿ ಗೊತ್ತಿಲ್ದವ್ರಿಗೆ ಮಾಳಯದ ಅಮಾಸೆ. ಹೆಸ್ರು ಕೇಳಿ ಬರ್ಕೊಡಿ. ನಾಳೆ ನಾನೂ ಒಂದು ಎಡೆ ಇಡ್ತೆ.”

ತಮಾರ್ ಚೀಟಿಯಲ್ಲಿ ಏಳು ಹೆಸರು ಬರೆದಳು. ಅಪ್ಪ ಪಕ್ಕದಲ್ಲಿ ಕನ್ನಡದಲ್ಲಿ ಬರೆದರು. ಕೊಲ್ಲಿಸಿದವನ ಹೆಸರನ್ನೂ ಅವಳು ಹೇಳಿದ್ದಳು. ಅದು ನನ್ನ ಕಿವಿಗೂ ಬಿದ್ದಿತ್ತು. ಅದೊಂದನ್ನು ಅಪ್ಪ ಆಯಿಗೆ ಹೇಳಲಿಲ್ಲ.

ಅವರ ದೇಶದಲ್ಲಿ ಬೆಳಿಗ್ಗೆ ಹತ್ತಕ್ಕೆ ಸೈರನ್ ಕೂಗುತ್ತದಂತೆ. ನಡೆಯುವವರೂ ವಾಹನದಲ್ಲಿರುವವರೂ ಎರಡು ನಿಮಿಷ ನಿಂತುಬಿಡುತ್ತಾರಂತೆ. ನಮ್ಮಲ್ಲಿ ಆಗ ಹನ್ನೆರಡೂವರೆ. “ಆ ಎರಡು ನಿಮಿಷ ಅಂಗಳದಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳುತ್ತೀಯಾ?” ಎಂದು ಅಪ್ಪನ ಬಾಯಿಂದಲೇ ನನ್ನನ್ನು ಕೇಳಿಸಿದಳು. ಹ್ಞೂಂ ಎಂದು ಮಾತು ಕೊಟ್ಟೆ.

ಮರುದಿನ ಅಪ್ಪ ಪರೀಕ್ಷೆಯ ಕೆಲಸಕ್ಕೆಂದು ಕಾರವಾರಕ್ಕೆ ಹೋದರು. ಆಯಿ ಹಿತ್ತಿಲ ಗೋಡೆಯ ಮೇಲೆ ಬಾಳೆಲೆ ಹಾಸಿ ಅನ್ನ, ಪಾಯಸ, ಇಶಾಡ ಮಾವಿನ ಹೋಳು ಬಡಿಸಿ, ತೊದಲುತ್ತ ಏಳೂ ಹೆಸರು ಓದಿದಳು. ಹನ್ನೆರಡೂವರೆಗೆ ತಮಾರ್ ಅಂಗಳದ ನಡುವೆ ನಿಂತಳು. ಗೇರುಬೀಜ ಸುಡುತ್ತಿದ್ದ ನಾಲ್ವರು ಮಕ್ಕಳನ್ನು ನಾನು ಸಾಲಾಗಿ ನಿಲ್ಲಿಸಿದೆ.

“ಮೂಗು ತುರಿಸ್ತದೆ ಮಾರಾಯ್ತಿ,” ಪಕ್ಕದ ಮನೆಯ ಸಂದೇಶ ಪಿಸುಗುಟ್ಟಿದ.

“ತುರಿಸ್ಲಿ. ಸುಮ್ನಿರು.”

ಎಡೆಗೆ ಕಾಗೆ ಬಂದು ಕೂತಿತು. ಒಂದು ನಿಮಿಷ ಕಳೆದಿರಬೇಕು, ಗೇಟು ಕಿರುಗುಟ್ಟಿತು. ಅಪ್ಪ ಬೇಗನೆ ಮರಳಿದ್ದರು.

“ಓಡ್ರೋ, ಹಿಟ್ಲರ್ ಬಂದಾ!”

ಸಂದೇಶನ ಕೂಗಿಗೆ ನಾಲ್ವರೂ ಚೆಲ್ಲಾಪಿಲ್ಲಿಯಾದರು. ಕಾಗೆ ಹಾರಿತು. ತಮಾರ್ ಮಾತ್ರ ಅಲುಗಲಿಲ್ಲ. ಉಳಿದ ನಿಮಿಷವನ್ನು ನಿಂತೇ ಮುಗಿಸಿದಳು. ನಾನೂ ನಿಂತೆ. ನಾಚಿಕೆಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಸೊನೆ ತಾಗಿದ ಬೆರಳಿನಂತೆ ಒಳಗೆ ಏನೂ ತಿಳಿಯಲಿಲ್ಲ.

ಆಮೇಲೆ ಅವಳು ಅಪ್ಪನ ಕಡೆ ತಿರುಗಿ, ನನಗೂ ತಿಳಿಯುವಷ್ಟು ಸರಳ ಇಂಗ್ಲಿಷಿನಲ್ಲಿ, ಒಂದೇ ಪ್ರಶ್ನೆ ಕೇಳಿದಳು: ಆ ಹೆಸರು ನಿಮ್ಮದೇ?

ಹುಡುಗರು ಪ್ರೀತಿಯಿಂದ ಕರೆಯುತ್ತಾರೆ, ಶಿಸ್ತಿನ ಸಲುವಾಗಿ, ಎಂದರು ಅಪ್ಪ.

ನಿನ್ನೆ ನಾನು ಹೇಳಿದ್ದನ್ನೆಲ್ಲ ಕೇಳಿದಿರಲ್ಲ, ಎಂದಳು.

ಅಪ್ಪ ಕೊಡೆ ಮಡಚುತ್ತ ನಿಂತರು. “ಎಂತ ಹೇಳ್ತದೆ ಅದು, ಪಾಪ?” ಆಯಿ ಹಿತ್ತಿಲ ಬಾಗಿಲಿನಿಂದ ಕೇಳಿದಳು. ಅಪ್ಪ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ತಮಾರ್ ಕಾರವಾರದ ಬಸ್ಸು ಹತ್ತಿದಳು. ಚೀಟಿಯನ್ನು ಆಯಿಯ ಕೈಯಲ್ಲೇ ಬಿಟ್ಟಳು. ಆಯಿ ಅದನ್ನು ದೇವರ ಪಟದ ಹಿಂದಿಟ್ಟು, ಬದುಕಿರುವ ತನಕ ಮಾಳಯದ ಅಮಾಸೆಗೆ ಒಂದು ಎಲೆ ಹೆಚ್ಚು ಹಾಸಿ ಆ ಹೆಸರುಗಳನ್ನು ಕರೆದಳು.

ಈಗ ಆಯಿ ಇಲ್ಲ. ಗೋಡೆಗೆ ಸುಣ್ಣ ಬಳಿಯುವಾಗ ಪಟಗಳನ್ನು ಇಳಿಸಿದರು. ಚೀಟಿ ಎಲ್ಲಿ ಹೋಯಿತೋ ತಿಳಿಯದು. ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳು ಅಪ್ಪನನ್ನು ಸನ್ಮಾನಿಸಿದರು. ಸಂದೇಶ ಮೈಕಿನಲ್ಲಿ “ನಮ್ಮ ಹಿಟ್ಲರ್ ಮಾಸ್ತರು” ಎಂದ. ಸಭೆ ನಕ್ಕಿತು. ಊರೂರು ತಿರುಗಿ ಅನ್ಯಾಯಗಳ ವಿರುದ್ಧ ಮಾತಾಡುವ ನಾನು ಮುಂದಿನ ಸಾಲಿನಲ್ಲಿ ಕೈ ಮಡಿಲಲ್ಲಿಟ್ಟು ಕುಳಿತಿದ್ದೆ.

ಆ ವರ್ಷದ ಅಮಾಸೆಗೆ ನಾನೇ ಹಿತ್ತಿಲ ಗೋಡೆಯ ಮೇಲೆ ಎಲೆ ಹಾಸಿ ಬಡಿಸಿದೆ. ಏಳರಲ್ಲಿ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಕೊಲ್ಲಿಸಿದವನದು ಮಾತ್ರ ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ.