ಆಪಾ ಸಾಕಿದ ಡ್ರಮ್ಮು

ಆಪಾಳ ಬೆರಳ ತುದಿಗಳು ಸದಾ ಕೆಂಪಗಿರುತ್ತವೆ. ಮೆಹಂದಿಯಲ್ಲ, ಅವಳ ಲ್ಯಾಬಿನ ಬಣ್ಣ. ಎಷ್ಟು ತೊಳೆದರೂ ಉಗುರಿನ ಅಂಚಿನಲ್ಲಿ ಉಳಿದೇ ಇರುತ್ತದೆ. ಆ ಕೈ ಕಂಡಾಗಲೆಲ್ಲ ನಾನು ಒಂದು ಮಾತು ಹೇಳಬೇಕಿತ್ತು. ವರ್ಷಗಟ್ಟಲೆ ಹೇಳಲಿಲ್ಲ.

ಆಪಾ ನನ್ನ ಅಕ್ಕ. ಅಬ್ಬಾ ವಿಜಯಪುರದ ಕಡೆಯಿಂದ ಬಂದು ಘಾಟ್ಕೋಪರ್ ಸ್ಟೇಷನ್ ಹತ್ತಿರ ಕಬ್ಬಿನ ಹಾಲಿನ ಅಂಗಡಿ ಇಟ್ಟವರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಗೆಜ್ಜೆ ಕಟ್ಟಿದ, ಕಬ್ಬು ಹಿಂಡುವ ಮಶೀನಿನ ಮುಂದೆ ನಿಂತೆ. ಅವಳು ಓದಿದಳು, ಓದುತ್ತಲೇ ಹೋದಳು.

ನಾವು ಹಿಂಡಿ ಎಸೆಯುವ ಕಬ್ಬಿನ ಸಿಪ್ಪೆಯೇ ಅವಳಿಗೆ ಬೇಕಾಯಿತು. ಅಂಗಡಿಯ ಹಿಂದೆ, ತಳಕ್ಕೆ ತೂತು ಹೊಡೆದ ನೀಲಿ ಡ್ರಮ್ಮಿನಲ್ಲಿ ಮಣ್ಣು ಬೆರೆಸಿ ಅದನ್ನು ಕೊಳೆಯಲು ಬಿಟ್ಟಳು. ಕಾಲೇಜಿಗೆ ಹೊರಡುವ ಮುನ್ನ ಮುಚ್ಚಳ ತೆಗೆದು, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಒಳಗೆ ಕೈಯಿಟ್ಟು ಬಿಸಿ ನೋಡುತ್ತಿದ್ದಳು.

"ತಮ್ಮಾ, ಇದನ್ನ ಮುಟ್ಟಬ್ಯಾಡ. ಇದರಾಗ ನನ್ನ ಮಂದಿ ಅದಾರ."

"ನಿನ್ನ ಮಂದಿ ಬಾಡಿಗಿ ಕೊಡ್ತಾರೇನು?"

"ನಾರು ಕರಗಿಸೋ ರಸ ಕೊಡ್ತಾರ. ಕಣ್ಣಿಗೆ ಕಾಣಂಗಿಲ್ಲ, ಆದ್ರ ನಿನಗಿಂತ ಚಲೋ ದುಡೀತಾರ."

ಬೇಸಿಗೆಯಲ್ಲಿ ನೊಣ ಮುತ್ತಿದವು. ಎದುರಿನ ಪಾನ್ ಅಂಗಡಿಯವನು ಗಿರಾಕಿಗಳ ಮುಂದೆಯೇ, "ರಸ್ ಬೇಚ್ತಾ ಹೈ ಕಿ ಮಕ್ಖಿ?" ರಸ ಮಾರುತ್ತೀಯೋ ನೊಣವೋ ಎಂದು ನಕ್ಕ. ಆಪಾ ಕಾಲೇಜಿಗೆ ಹೋದ ಮೇಲೆ, ಗ್ಲಾಸು ತೊಳೆಯಲು ಕಾಯಿಸಿದ ಕುದಿನೀರನ್ನೆಲ್ಲ ಡ್ರಮ್ಮಿಗೆ ಸುರಿದೆ. ನಮ್ಮ ಧಂದೆಯಲ್ಲಿ ನಾತಕ್ಕೆ ಅದೇ ಮದ್ದು. ನೀರು ತೂತಿನಿಂದ ಇಳಿದುಹೋಯಿತು. ಗುರುತೂ ಉಳಿಯಲಿಲ್ಲ.

ಆಮೇಲೆ ಡ್ರಮ್ಮಿನಿಂದ ಚೂರು ಒಯ್ದು ಲ್ಯಾಬಿನ ಗಾಜಿನ ತಟ್ಟೆಗಳಲ್ಲಿ ಹಾಕಿದರೆ, ಅವಳಿಗೆ ಬೇಕಾದದ್ದು ಏನೂ ಬೆಳೆಯಲಿಲ್ಲ. ಅವಳು ಅನುಮಾನಪಟ್ಟದ್ದು ತನ್ನನ್ನೇ. "ನನ್ನ ಕೈ ಸರಿ ಇಲ್ಲೇನೋ ಅಮ್ಮೀ, ಈ ಕೆಲಸ ನನಗ ಅಲ್ಲೇನೋ" ಎಂದು ಅಮ್ಮಿಯ ಮುಂದೆ ಹೇಳಿದಾಗ, ನಾನು ಪಕ್ಕದಲ್ಲೇ ರೊಟ್ಟಿ ಮುರಿಯುತ್ತ ಕುಳಿತಿದ್ದೆ.

ಅವಳು ಡ್ರಮ್ಮು ತಿಕ್ಕಿ ತೊಳೆದು ಮೊದಲಿನಿಂದ ಶುರುಮಾಡಿದಳು. ಮರುವರ್ಷದ ಮಳೆಗಾಲದಲ್ಲಿ ನನ್ನನ್ನು ಲ್ಯಾಬಿಗೆ ಕರೆದೊಯ್ದು ಒಂದು ಗಾಜಿನ ತಟ್ಟೆಗೆ ಕೆಂಪು ಬಣ್ಣ ಹೊಯ್ದಳು, ಉಪ್ಪುನೀರಿನಲ್ಲಿ ತೊಳೆದಳು. ಕೆಂಪಿನ ನಡುವೆ, ಒಂದು ಪುಟ್ಟ ಚುಕ್ಕೆಯ ಸುತ್ತ ಹಳದಿ ಉಂಗುರ ಬಿಚ್ಚಿಕೊಂಡಿತು.

"ಅಷ್ಟು ಜಾಗದಾಗ ನಾರು ಕರಗೇತಿ ನೋಡ. ಇವರು ನಿನ್ನ ಸಿಪ್ಪಿಯಾಗ ಹುಟ್ಟಿದವರು."

ಅಷ್ಟು ಚಂದದ ಉಂಗುರವನ್ನು ನಾನು ಯಾವ ಝವೇರಿ ಅಂಗಡಿಯಲ್ಲೂ ನೋಡಿಲ್ಲ. ನಾರು ಕರಗಿಸುವ ಆ ರಸದಿಂದ ಸಿಪ್ಪೆಯನ್ನು ಮೆತ್ತಗೆ ಮಾಡಿ ದನಗಳ ಮೇವಿಗೆ ಸೇರಿಸುವ ಕೆಲಸ ಈಗ ನಡೆದಿದೆ. ಗ್ಲಾಸು ಕೊಡುತ್ತ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತೇನೆ. ಪಾನ್ ಅಂಗಡಿಯವನಿಗಂತೂ ಬಾಯಿಪಾಠವಾಗಿದೆ.

ಹೋದ ವಾರ ಆಪಾ ತನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ಸಿಪ್ಪೆ ಒಯ್ಯಲು ಬಂದಳು. ನಮ್ಮ ಕಡೆಯ ಹುಡುಗಿ. ಅವಳ ತಟ್ಟೆಗಳು ಖಾಲಿ ಬಂದಿದ್ದವಂತೆ, ಅತ್ತು ಕಣ್ಣು ಊದಿತ್ತು.

"ಅಳಬ್ಯಾಡವಾ," ಎಂದಳು ಆಪಾ. "ನನ್ನ ಮೊದಲನೇ ಡ್ರಮ್ಮೂ ಹಿಂಗ ಹಾಳಾಗಿತ್ತು. ಏನ್ ತಪ್ಪು ಮಾಡಿದ್ನೋ, ಇವತ್ತಿಗೂ ತಿಳಿದಿಲ್ಲ."

ನಾನು ಮಶೀನು ನಿಲ್ಲಿಸಿದೆ. ಗೆಜ್ಜೆ ಸುಮ್ಮನಾಯಿತು. ಗಿರಾಕಿಗಳು ತಿರುಗಿ ನೋಡಿದರು.

"ಆಪಾ, ತಪ್ಪು ನಿಂದಲ್ಲ. ಡ್ರಮ್ಮಿಗೆ ಕುದಿನೀರು ಹಾಕಿದಾಂವ ನಾನು. ನೊಣಕ್ಕ ಅಂಜಿ ಹಾಕಿದೆ, ಆಮ್ಯಾಲ ನಿನಗ ಅಂಜಿ ಬಾಯಿ ಮುಚ್ಚಿದೆ. ನಿನ್ನ ಕೈ ಆವತ್ತೂ ಸರಿ ಇತ್ತು. ನನ್ನ ಮಾಫ್ ಮಾಡು."