ಸ್ಟೆಪ್ನಿ, ಎರಡು ಕ್ಯಾನು ಮತ್ತು ಬೂದುಗುಂಬಳ

ನನ್ನ ಅಳಿಯ ಹಳೇ ಜೀಪೊಂದು ಕೊಂಡ. ಕಾಡು, ಗುಡ್ಡ, ಮರಳು ಎಲ್ಲ ಹತ್ತುವ ಗಾಡಿಯಂತೆ. ಚಾಮರಾಜಪೇಟೆಯ ನಮ್ಮ ಗಲ್ಲಿಯಲ್ಲಿ ತಿರುಗಿಕೊಳ್ಳುವುದಕ್ಕೇ ಅದು ನಾಲ್ಕು ಸಲ ಹಿಂದೆ ಮುಂದೆ ಆಗಬೇಕು. ಪ್ರತಿ ಸಲವೂ ಎದುರುಮನೆಯವಳು ತನ್ನ ತುಳಸಿ ಕುಂಡ ಎತ್ತಿ ಒಳಗಿಡುತ್ತಾಳೆ. ಅಳಿಯ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಇಲ್ಲಿಯವರೆಗೆ ಅವನು ಹತ್ತಿದ ದೊಡ್ಡ ಗುಡ್ಡವೆಂದರೆ ಬಸವನಗುಡಿಯ ಏರು.

ಸ್ಟೆಪ್ನಿ ಗಾಡಿಯ ಒಳಗೆ ಸುಮ್ಮನೆ ಬಿದ್ದಿತ್ತು. ಒಳಗಿದ್ದರೆ ಯಾರಿಗೂ ಕಾಣುವುದಿಲ್ಲವಲ್ಲ, ಅದೇ ಅವನ ಕಷ್ಟ. ಒಂದು ಭಾನುವಾರ ಫೋನಿನಲ್ಲಿ ವಿಡಿಯೋ ನೋಡಿಕೊಂಡು, ತಾನೇ ಡ್ರಿಲ್ ಹಿಡಿದು, ಹಿಂಬಾಗಿಲಿಗೆ ನಾಲ್ಕು ತೂತು ಕೊರೆದು ಆ ಚಕ್ರವನ್ನು ನೇತುಹಾಕಿದ. ಬರೀ ತಗಡು ಅಷ್ಟು ಭಾರ ತಡೆಯಲ್ಲ, ಒಳಗಡೆ ದಪ್ಪ ಪಟ್ಟಿ ಕೊಡಪ್ಪ ಎಂದೆ. ಕೇಳಲಿಲ್ಲ. ಮೂರನೇ ದಿನಕ್ಕೆ ಬಾಗಿಲು ಜೋತುಬಿತ್ತು. ಈಗ ಅದನ್ನು ಮುಚ್ಚಬೇಕಾದರೆ ಮೊಣಕಾಲು ಕೊಟ್ಟು ಎತ್ತಬೇಕು. ನನ್ನ ಮಗಳು ತರಕಾರಿ ಚೀಲವನ್ನು ಮುಂದಿನ ಸೀಟಿನಲ್ಲೇ ಇಟ್ಟುಕೊಳ್ಳುತ್ತಾಳೆ.

ಆಮೇಲೆ ಪೆಟ್ರೋಲ್ ಕ್ಯಾನು ಬಂದವು. ಮಿಲಿಟರಿಯವರು ಇಟ್ಟುಕೊಳ್ಳುವಂಥ ಹಸಿರು ಕಬ್ಬಿಣದವು, ಎರಡು. ಕಟ್ಟುವ ಬೆಲ್ಟಿಗೆ ಮಾಮೂಲ್‌ಪೇಟೆಯೆಲ್ಲ ಸುತ್ತಿ ಬಂದ. ನಿಲ್ಲಿಸಿ ಕಟ್ಟಿದರೆ ಹಿಂದಿನ ಲೈಟು ಮರೆಯಾಗುತ್ತದೆಂದು ಸ್ಟೆಪ್ನಿಯ ಎರಡೂ ಪಕ್ಕ ಅಡ್ಡಡ್ಡ ಮಲಗಿಸಿ ಬಿಗಿದ. ನಮ್ಮ ಮನೆಯಿಂದ ಬಂಕಿಗೆ ನಡೆದು ಹೋದರೆ ಬಾಯಲ್ಲಿನ ಎಲೆ ಅಡಿಕೆ ಮುಗಿಯುವುದಿಲ್ಲ. ಇವನ ಗೆಳೆಯ ಬಂದವನು, "ಮಚ್ಚಾ, ಸೀದಾ ಲಡಾಖ್‌ಗೇ ಬಿಟ್ಬಿಡು," ಎಂದ. ಮೊದಲು ಗಲ್ಲಿ ಬಿಡ್ಲಿ ಎಂದೆ ನಾನು.

ಕ್ಯಾನು ಖಾಲಿ ಇರುವವರೆಗೆ ನಗುತ್ತಿದ್ದೆ.

ಆಯುಧಪೂಜೆಯ ಬೆಳಗ್ಗೆ ಜೀಪಿನ ಹಿಂದೆ ಮುಂದೆ ನಾನೇ ರಂಗೋಲಿ ಹಾಕಿದೆ. ಗಲ್ಲಿಯವರೆಲ್ಲ ಸೇರಿದರು. ಅಳಿಯ ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಐದನೆಯದಕ್ಕೆ ಏನು ಮಾಡುವುದೆಂದು ನನ್ನನ್ನು ಕೇಳಿದ. ನೆಲ ಮುಟ್ಟದ ಚಕ್ರಕ್ಕೆ ಎಂಥ ನಿಂಬೆಹಣ್ಣು ಎಂದೆ. ಸ್ಟೆಪ್ನಿಗೆ ಚೆಂಡುಹೂವಿನ ಹಾರ ಹಾಕಿದ. ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು, ಗಾಡಿಯ ಮುಂದೆ ಮೂರು ಸುತ್ತು ನಿವಾಳಿಸಿ ಹಿಂದಕ್ಕೆ ಬಂದ.

ನಾನು ಹಿಂದೆಯೇ ನಿಂತಿದ್ದೆ. ನನ್ನ ರಂಗೋಲಿ ಒಂದು ಕಡೆ ಒದ್ದೆಯಾಗಿತ್ತು. ಅಲ್ಲಿಗೆ ಯಾರೂ ನೀರು ಹಾಕಿರಲಿಲ್ಲ. ಆಮೇಲೆ ಮೂಗಿಗೆ ಬಡಿಯಿತು. ನಾನು ಬಂಕಿನಲ್ಲಿ ಇಪ್ಪತ್ತು ವರ್ಷ ಕಸ ಗುಡಿಸಿದವಳು, ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೀಪಿಗೆ ಒತ್ತಿಕೊಂಡೇ ನಮ್ಮ ಸಾಲಿನ ನಾಲ್ಕು ಮನೆ, ಒಂದಕ್ಕೊಂದು ಗೋಡೆ ಅಂಟಿದವು. ಬಾಗಿಲಲ್ಲಿ ಮಗಳು ನಿಂತಿದ್ದಾಳೆ.

ಅವನ ಕೈಯಿಂದ ಕುಂಬಳಕಾಯಿ ಕಿತ್ತುಕೊಂಡು, ಬೆಂಕಿ ಸಮೇತ ಗಲ್ಲಿಯ ತುದಿಗೆ ಹೋಗಿ ಮೋರಿಗೆ ಹಾಕಿದೆ. ಅಂಗೈ ಸುಟ್ಟಿತು.

ಹಿಂತಿರುಗಿ ಬಂದರೆ ಎಲ್ಲರೂ ನಾನು ಹೆಣ ಹೊತ್ತು ಬಂದವಳೆಂಬಂತೆ ನೋಡುತ್ತಿದ್ದಾರೆ. ಉರಿಯುವ ಕರ್ಪೂರವನ್ನು ಮೋರಿಗೆ ಹಾಕುವ ಹೆಂಗಸನ್ನು ಜನ್ಮದಲ್ಲಿ ಕಂಡಿಲ್ಲ ಎಂದಳು ಎದುರುಮನೆಯವಳು. ಅಳಿಯನ ಮುಖ ಕೆಂಪಾಗಿತ್ತು.

"ಹಬ್ಬದ ದಿನ ಅಪಶಕುನ ಮಾಡಿಬಿಟ್ರಲ್ಲ ಅತ್ತೆ."

ನಾನು ಅವನ ಕೈ ಹಿಡಿದೆಳೆದು ಕ್ಯಾನಿನ ಕೆಳಗೆ ಒತ್ತಿದೆ. ಬೆರಳು ಒದ್ದೆಯಾದವು. ಮೂಸಿಕೋ ಎಂದೆ. ಮೂಸಿಕೊಂಡ. ಮಲಗಿಸಿ ಕಟ್ಟಿದ ಕ್ಯಾನಿನ ಮುಚ್ಚಳದಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಬಂಕಿನವರು ಕ್ಯಾನಿಗೆ ಹಾಕುವುದಿಲ್ಲವೆಂದರಂತೆ. ಟ್ಯಾಂಕು ತುಂಬಿಸಿಕೊಂಡು ಬಂದು, ಪೈಪು ಇಟ್ಟು ಬಾಯಿಂದ ಎಳೆದು ಇವಕ್ಕೆ ತುಂಬಿದ್ದನಂತೆ.

"ಯಾಕಪ್ಪ ತುಂಬ್ದೆ?"

ಅವನು ನೆಲ ನೋಡಿಕೊಂಡು ಹೇಳಿದ. "ಪೂಜೇಲಿ ಖಾಲಿ ಪಾತ್ರೆ ಇಡಬಾರ್ದು ಅಂತ ನೀವೇ ಅಲ್ವಾ ಅತ್ತೆ ಹೇಳೋದು."

ಹೇಳಿದ್ದು ನಿಜ. ಹಿಂದಿನ ದಿನ ಅಡಿಗೆಮನೆಯ ತಂಬಿಗೆ ನೋಡಿ ಹೇಳಿದ್ದೆ. ಜೀಪಿಗೆ ಕಟ್ಟಿದ ಪೆಟ್ರೋಲ್ ಕ್ಯಾನನ್ನು ಇವನು ತಂಬಿಗೆಯ ಜೊತೆ ಸೇರಿಸಿಕೊಳ್ಳುತ್ತಾನೆಂದು ನನಗೇನು ಗೊತ್ತು. ನೀರು ತುಂಬಿಸಬಹುದಿತ್ತು, ಅದೂ ಹೊಳೆಯಲಿಲ್ಲ.

ಬೆಲ್ಟು ಬಿಚ್ಚಿಸಿದೆ. ಪೆಟ್ರೋಲು ವಾಪಸ್ಸು ಟ್ಯಾಂಕಿಗೆ ಹೋಯಿತು. ಖಾಲಿ ಕ್ಯಾನೊಳಗಿನ ಆವಿ ತುಂಬಿದ ಕ್ಯಾನಿಗಿಂತ ಕೆಟ್ಟದ್ದು. ಅದಕ್ಕೇ ಎರಡನ್ನೂ ಮುಚ್ಚಳ ತೆಗೆದು ತಾರಸಿಗೆ ಹಾಕಿಸಿದೆ. ಜೀಪನ್ನು ಗಲ್ಲಿಯ ತುದಿಯವರೆಗೆ ಎಲ್ಲರೂ ಸೇರಿ ತಳ್ಳಿದರು, ಸ್ಟಾರ್ಟ್ ಮಾಡಲು ನಾನು ಬಿಡಲಿಲ್ಲ. ಒದ್ದೆ ನೆಲಕ್ಕೆ ಮಣ್ಣು ಸುರಿದೆವು. ಇನ್ನೊಂದು ಕುಂಬಳಕಾಯಿ ತರಿಸಿ ಅಲ್ಲೇ ಒಡೆದರು. ಹಾರ ಹಾಕಿಕೊಂಡ ಸ್ಟೆಪ್ನಿಯೊಂದೇ ಜೋತುಬಿದ್ದ ಬಾಗಿಲಲ್ಲಿ ಅಲ್ಲಾಡುತ್ತಿತ್ತು.

ತಿಂಗಳಾದ ಮೇಲೆ ಕ್ಯಾನುಗಳನ್ನು ಮತ್ತೆ ಕಟ್ಟಿದ್ದಾನೆ, ಈ ಸಲ ನಿಲ್ಲಿಸಿ. ಖಾಲಿಯೇ ಇವೆ ಎನ್ನುತ್ತಾನೆ. ಹಾಲು ತರಲು ಹೋಗುವಾಗ ದಿನಾ ಗೆಣ್ಣಿನಿಂದ ಎರಡನ್ನೂ ತಟ್ಟಿ ನೋಡುತ್ತೇನೆ. ಟಣ್ ಎಂದರೆ ಮುಂದೆ ಹೋಗುತ್ತೇನೆ.