ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ?

ನನಗೆ ನಾಲ್ಕು ಭಾಷೆ ಬರುತ್ತವೆ. ಮನೆಯಲ್ಲಿ ಕನ್ನಡ, ತರಕಾರಿಯವಳ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ಆಫೀಸಿನ ಕಾಗದಕ್ಕೆ ಇಂಗ್ಲಿಷ್. ಆದರೂ ಕೊಂಡಾಪುರದ ಒಂದು ಕ್ಲಿನಿಕ್ಕಿನಲ್ಲಿ ಗಂಡನ ಜೊತೆ ಡಾಕ್ಟರ ಮುಂದೆ ಕುಳಿತಾಗ, ನನ್ನದೇ ಮೈಯ ಒಂದು ಭಾಗದ ಹೆಸರು ಯಾವ ಭಾಷೆಯಲ್ಲೂ ಬಾಯಿಗೆ ಬರಲಿಲ್ಲ. "ಅಲ್ಲಿ" ಎಂದೆ. ಜೋಳದ ರೊಟ್ಟಿಯಲ್ಲೇ ಬಿಸಿಯದು ಬೇರೆ, ಒಣಗಿಸಿಟ್ಟ ಖಡಕ್ ರೊಟ್ಟಿ ಬೇರೆ ಎಂದು ಹೆಸರಿಡುವ ನಮ್ಮ ಮಂದಿ, ಇದನ್ನು ಮಾತ್ರ ಲಿಂಗಂಪಲ್ಲಿ ಸ್ಟೇಷನ್ನಿನ ಆಚೆಗಿನ ಯಾವುದೋ ಬಯಲಿನಂತೆ ಹೆಸರಿಲ್ಲದೆ ಬಿಟ್ಟಿದ್ದಾರೆ.

ಸಂಗತಿ ಇಷ್ಟೆ. ಮುಟ್ಟು ನಿಂತ ಮೇಲೆ ಗಂಡನೊಡನೆ ಕೂಡುವುದೆಂದರೆ ಉರಿ, ನೋವು. ಒಮ್ಮೆ ನಾನು ಹಲ್ಲು ಕಚ್ಚಿದ್ದನ್ನು ಕಂಡ ಅವರು, ಪಾಪ, ಅಂದಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು. ನನಗೆ ನೋವು ಬೇಡವಾಗಿತ್ತು, ಅವರು ಬೇಕಾಗಿದ್ದರು.

ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಕೇಳಿಸಿಕೊಂಡು ನಕ್ಕು, ತೆಲುಗಿನಲ್ಲಿ, "ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ ಆಂಟಿ? ದೇವರು ದಿಂಡರು ಅಂತ ಇದ್ದುಬಿಡಿ" ಎಂದಳು.

ಕಣ್ಣು ಮಂಜಾದರೆ, ಈ ವಯಸ್ಸಿನಲ್ಲಿ ನೋಡುವುದು ಯಾಕೆ ಎನ್ನುವ ಡಾಕ್ಟರನ್ನು ನಾನಿನ್ನೂ ಕಂಡಿಲ್ಲ. ಮೊಣಕಾಲು ಹಿಡಿದರೆ ಪಟ್ಟಿ, ಎಣ್ಣೆ, ವ್ಯಾಯಾಮ ಎಲ್ಲ ಉಂಟು. ಇದಕ್ಕೆ ಮಾತ್ರ ಭಜನೆ! ನೆತ್ತಿಗೇರಿದ ಸಿಟ್ಟಿನಲ್ಲಿ ತೆಲುಗು ಮರೆತೇಹೋಯಿತು.

"ಯಾಕವಾ, ನಿನಗೇನ ವಯಸ್ಸಾಗೂದಿಲ್ಲೇನು?" ಎಂದೆ.

ಅವಳು ಅರ್ಥವಾಗದೆ ನನ್ನ ಗಂಡನ ಮುಖ ನೋಡಿದಳು. ಫ್ಯಾಕ್ಟರಿಯಲ್ಲಿ ಇಡೀ ನೌಕರಿ ಒಮ್ಮೆಯೂ ದನಿ ಎತ್ತದೆ ಮುಗಿಸಿದ ಈ ಮನುಷ್ಯ, ನನ್ನ ಮಾತನ್ನು ಅಕ್ಷರ ಬಿಡದೆ ಶಾಂತವಾಗಿ ತೆಲುಗಿನಲ್ಲಿ ಹೇಳಿ ಎದ್ದು ನಿಂತರು. ಮೆಟ್ಟಿಲಿಳಿಯುತ್ತ, "ನಡಿ, ಸಿಕಂದರಾಬಾದಿನ್ಯಾಗ ಇನ್ನೊಬ್ರು ಡಾಕ್ಟರ್ ಅದಾರಂತ. ಕೇಳೇ ಬಿಡೂಣು" ಎಂದರು.

ಆ ಡಾಕ್ಟರು ನಡುವಯಸ್ಸಿನ ಹೆಂಗಸು. ಯೋನಿ ಎಂಬ ಮಾತನ್ನು ಮೂಗು, ಕಿವಿ ಎಂದಷ್ಟೇ ಸಲೀಸಾಗಿ ಆಡಿದರು. ಮುಟ್ಟು ನಿಂತ ಮೇಲೆ ಅದು ಒಣಗುವುದುಂಟು, ಬಹಳ ಹೆಂಗಸರಿಗೆ ಹೀಗಾಗುತ್ತದೆ, ಮುಲಾಮಿದೆ ಎಂದು ಚಿತ್ರ ಬರೆದು ತೋರಿಸಿದರು. ಎರಡು ಮಕ್ಕಳನ್ನು ಹೆತ್ತವಳು ನಾನು. ನನ್ನೊಳಗು ಹೇಗಿದೆ ಎಂದು ನೋಡಿದ್ದು ಅದೇ ಮೊದಲು. ಸಮಾಧಾನವಾಗಬೇಕಿತ್ತು, ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟೇ ಇಷ್ಟು ಮಾತನ್ನು ಅವ್ವ, ಶಾಲೆಯ ಅಕ್ಕೋರು, ಹೆರಿಗೆ ಮಾಡಿಸಿದವರು, ಒಬ್ಬರೂ ಹೇಳಲಿಲ್ಲವಲ್ಲ!

ಮುಲಾಮು ಕೆಲಸ ಮಾಡಿತು. ಕೆಲವು ವಾರ ಕಳೆದ ಮೇಲೆ, ಒಂದು ರವಿವಾರ ಮಧ್ಯಾಹ್ನ, "ನೋವಾತೇನು?" ಎಂದು ಅವರು ಕೇಳಿದರು. ಇಲ್ಲವೆಂದೆ. ಆಮೇಲೆ, ಮದುವೆಯಾದಾಗಿನಿಂದ ಕೇಳದ ಒಂದು ಪ್ರಶ್ನೆ ಕೇಳಿದರು: "ನಿನಗ ಹ್ಯಾಂಗಿದ್ರ ಛಲೋ ಅನಸ್ತೈತಿ?"

ಇದನ್ನು ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ನನಗೂ ಗೊತ್ತಿಲ್ರೀ," ಎಂದೆ. "ಗಡಿಬಿಡಿ ಏನೈತಿ? ನೋಡೂಣು."